ಬರ್ನ್‌ಔಟ್ ಆದ್ಮೇಲೆ ಹೊಸ ಕೆಲ್ಸ, ಹೊಸ ದಾರಿ: ಪದೇ ಪದೇ ಕೇಳೋ ಪ್ರಶ್ನೆಗಳು

ಕೆಲ್ಸ ಮಾಡಿ ಮಾಡಿ ಸುಸ್ತಾಗಿ "ಇನ್ನು ಈ ಲೈನೇ ಬೇಡಪ್ಪ" ಅನ್ನೋ ಹಂತಕ್ಕೆ ಬಂದವ್ರು ಕೇಳೋ ಪ್ರಶ್ನೆಗಳು ಹೆಚ್ಚು ಕಮ್ಮಿ ಒಂದೇ ತರ ಇರ್ತವೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ. ನಾನು ಡಾಕ್ಟರ್ ಅಲ್ಲ, ಕರಿಯರ್ ಕೋಚ್ ಅಂತ ಬೋರ್ಡ್ ಹಾಕ್ಕೊಂಡವಳೂ ಅಲ್ಲ. ಒಂದು ಫೀಲ್ಡ್ ಬಿಟ್ಟು ಇನ್ನೊಂದಕ್ಕೆ ಬಂದವಳು, ಅದೇ ದಾರಿಲಿರೋ ತುಂಬಾ ಜನರ ಮಾತು ಕೇಳಿದವಳು, ಅಷ್ಟೇ. ಕೆಲವು ಕಡೆ ಅಭಿಪ್ರಾಯ ಸ್ವಲ್ಪ ಖಾರವಾಗೇ ಇದೆ, ಇಷ್ಟ ಆಗ್ಲಿಲ್ಲ ಅಂದ್ರೆ ಆ ಪ್ರಶ್ನೆ ಬಿಟ್ಟು ಮುಂದೆ ಹೋಗಿ.

ನಂಗಾಗಿರೋದು ಬರ್ನ್‌ಔಟಾ, ಇಲ್ಲ ಬರೀ ಸುಸ್ತಾ? ಹೆಂಗ್ ಗೊತ್ತಾಗುತ್ತೆ?

ಬರೀ ಸುಸ್ತಾದ್ರೆ ಎರಡು ಮೂರು ದಿನ ಸರಿಯಾಗಿ ನಿದ್ದೆ ಮಾಡಿದ್ರೆ ಇಳಿಯುತ್ತೆ, ಇದು ಇಳಿಯಲ್ಲ. ಸೈಕಾಲಜಿಸ್ಟ್ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತೆ ಸೂಸನ್ ಜಾಕ್ಸನ್ 1981ರಲ್ಲಿ ಇದನ್ನ ಅಳೆಯೋಕೆ ಒಂದು ಪ್ರಶ್ನಾವಳಿ ಮಾಡಿದ್ರು, ಇವತ್ತಿಗೂ ರಿಸರ್ಚ್ ಮಾಡೋವ್ರು ಜಾಸ್ತಿ ಬಳಸೋದು ಅದನ್ನೇ. ಅದ್ರಲ್ಲಿ ನೋಡೋದು ಮೂರು: ಒಳಗೆ ಏನೂ ಉಳಿದಿಲ್ಲ ಅನ್ನೋ ಬಳಲಿಕೆ, ಕೆಲ್ಸದ ಮೇಲೂ ಅಲ್ಲಿನ ಜನರ ಮೇಲೂ ಹುಟ್ಕೊಳ್ಳೋ ತಾತ್ಸಾರ, ಮತ್ತೆ "ನಾನ್ ಏನ್ ಮಾಡಿದ್ರೂ ಅಷ್ಟೇ" ಅನ್ನೋ ಭಾವನೆ.

ನನ್ ಪ್ರಕಾರ ಗಮನಿಸಬೇಕಾಗಿರೋದು ಎರಡನೇದನ್ನ. ಬಳಲಿಕೆ ಎಲ್ಲರಿಗೂ ಬಂದು ಹೋಗ್ತಾ ಇರುತ್ತೆ, ಆದ್ರೆ ಮೊದ್ಲು ರೋಗಿಗಳನ್ನ ಹೆಸರು ಹಿಡಿದು ಮಾತಾಡಿಸ್ತಿದ್ದ ನರ್ಸ್ ಈಗ "ಏಳನೇ ಬೆಡ್ದು ಮತ್ತೆ ಶುರು ಮಾಡ್ತು" ಅಂತಾರೆ, ಕ್ಲೈಂಟ್ ಫೋನ್ ಬಂದ್ರೆ ಎತ್ತೋ ಮುಂಚೆನೇ ಬೈಗುಳ ಬಾಯಿಗೆ ಬರುತ್ತೆ, ಮೇಲ್‌ನಲ್ಲಿ ಹೆಸರು ನೋಡಿದ ತಕ್ಷಣ ಹೊಟ್ಟೆ ಒಳಗೆ ಹಿಂಡಿದಂಗಾಗುತ್ತೆ. ಅವ್ರು ಕೆಟ್ಟವ್ರಾಗಿರಲ್ಲ, ಮನಸ್ಸು ತನ್ನನ್ನ ಉಳಿಸ್ಕೊಳ್ಳೋಕೆ ದೂರ ಸರೀತಾ ಇರುತ್ತೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರ ಜನವರಿಯಿಂದ ಜಾರಿಗೆ ತಂದ ಐಸಿಡಿ-11 ಅನ್ನೋ ಕಾಯಿಲೆಗಳ ಪಟ್ಟಿಲಿ ಬರ್ನ್‌ಔಟ್ ಇದೆ, ಆದ್ರೆ ಕಾಯಿಲೆ ಅಂತ ಅಲ್ಲ, ಕೆಲ್ಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ. ಕೆಲ್ಸದ ಜಾಗದ ಒತ್ತಡ ತುಂಬಾ ದಿನ ಹಿಡಿತಕ್ಕೆ ಸಿಗದೇ ಉಳಿದ್ರೆ ಆಗೋದು ಇದು ಅಂತ ಅದ್ರಲ್ಲಿದೆ. ಅಂದ್ರೆ ತಪ್ಪೆಲ್ಲಾ ನಿಮ್ ತಲೆ ಒಳಗೇ ಇದೆ ಅಂತ ಯಾರಾದ್ರೂ ಹೇಳಿದ್ರೆ ಒಪ್ಕೋಬೇಡಿ.

ಡಾಕ್ಟರ್ ಹತ್ರ ಹೋಗ್ಬೇಕಾ? ಇದು ಡಿಪ್ರೆಶನ್ ಇರಬಹುದಾ?

ಹೋಗಿ, ಮತ್ತೆ ಇದನ್ನ ಮೊದ್ಲು ಮಾಡಿ, ರಾಜೀನಾಮೆ ಪತ್ರಕ್ಕಿಂತ ಮೊದ್ಲು. ಥೈರಾಯ್ಡ್ ಕಮ್ಮಿ ಇದ್ರೂ, ರಕ್ತಹೀನತೆ ಇದ್ರೂ, ಬಿ12 ಕಮ್ಮಿ ಇದ್ರೂ, ರಾತ್ರಿ ಗೊರಕೆ ಹೊಡೀತಾ ಮಧ್ಯೆ ಮಧ್ಯೆ ಉಸಿರು ನಿಲ್ಲೋ ಸ್ಲೀಪ್ ಆಪ್ನಿಯಾ ಇದ್ರೂ ಇದೇ ತರ ಸುಸ್ತು, ಇದೇ ತರ ಸಿಡುಕು ಬರುತ್ತೆ, ಒಂದು ರಕ್ತ ಪರೀಕ್ಷೆಲೋ ನಿದ್ದೆ ಪರೀಕ್ಷೆಲೋ ಗೊತ್ತಾಗೋ ವಿಷಯಕ್ಕೆ ಕರಿಯರ್ರೇ ಬದಲಾಯಿಸೋದು ಬೇಡ.

ಡಿಪ್ರೆಶನ್ ಮತ್ತೆ ಬರ್ನ್‌ಔಟ್ ಮಧ್ಯೆ ಗೆರೆ ಅಷ್ಟು ಸ್ಪಷ್ಟವಾಗಿಲ್ಲ, ಎರಡೂ ಒಟ್ಟಿಗೆ ಇರಬಹುದು. ಅಂದಾಜಿಗೆ ಹೇಳೋದಾದ್ರೆ ಬರ್ನ್‌ಔಟ್ ಆದವ್ರಿಗೆ ಕೆಲ್ಸದಿಂದ ದೂರ ಇದ್ದಾಗ ಅಲ್ಪಸ್ವಲ್ಪ ಖುಷಿ ಬರುತ್ತೆ, ಡಿಪ್ರೆಶನ್‌ನಲ್ಲಿ ಮಕ್ಕಳ ಜೊತೆ ಇದ್ರೂ, ಇಷ್ಟದ ಹಾಡು ಹಾಕಿದ್ರೂ ಏನೂ ತಾಗಲ್ಲ. ಇದು ಅಂದಾಜು ಅಷ್ಟೇ, ಇದನ್ನ ನಂಬ್ಕೊಂಡು ನಿಮಗೆ ನೀವೇ ಸರ್ಟಿಫಿಕೇಟ್ ಕೊಟ್ಕೋಬೇಡಿ. ಬದುಕೋದೇ ಬೇಡ ಅನ್ನೋ ಯೋಚನೆ ಒಂದ್ ಸಲ ಬಂದಿದ್ರೂ ಈ ಪುಟ ಇಲ್ಲಿಗೇ ಮುಚ್ಚಿ, ಹತ್ತಿರದವ್ರಿಗೆ ಹೇಳಿ, ಇವತ್ತೇ ಸೈಕಿಯಾಟ್ರಿಸ್ಟ್ ನೋಡಿ ಇಲ್ಲ ಸಹಾಯವಾಣಿಗೆ ಫೋನ್ ಮಾಡಿ. ಕರಿಯರ್ ವಿಷಯ ಆಮೇಲೆ ನೋಡ್ಕೋಬಹುದು.

ನಾಳೆನೇ ರಿಸೈನ್ ಮಾಡ್ಬಿಡ್ಲಾ?

ಅಲ್ಲಿ ಕಿರುಕುಳ ಇದ್ರೆ, ಕಾನೂನು ಮೀರೋ ಕೆಲ್ಸ ಮಾಡಿಸ್ತಿದ್ರೆ, ಡಾಕ್ಟರೇ ಬಿಡಿ ಅಂದಿದ್ರೆ, ಹೌದು, ಬಿಡಿ.

ಬೇರೆ ಎಲ್ಲಾ ಕೇಸಲ್ಲೂ ಸ್ವಲ್ಪ ತಡ್ಕೊಳಿ. ಪೂರ್ತಿ ಬಳಲಿರೋ ಮನಸ್ಸಿಗೆ ಎರಡೇ ದಾರಿ ಕಾಣೋದು, ಇಲ್ಲೇ ಸಾಯೋದು ಇಲ್ಲ ಎಲ್ಲಾ ಬಿಟ್ಟು ಓಡೋದು, ಮಧ್ಯದಲ್ಲಿರೋದು ಯಾವ್ದೂ ಕಾಣಲ್ಲ. ಲಾಂಗ್ ಲೀವ್, ಸಂಬಳ ಇಲ್ಲದ ರಜೆ, ಟೀಮ್ ಬದಲಾವಣೆ, ದಿನಕ್ಕೆ ಅರ್ಧ ಹೊತ್ತು, ಒಂದು ದೊಡ್ಡ ಪ್ರಾಜೆಕ್ಟಿಂದ ಹೊರಗೆ ಬರೋದು, ಇವೆಲ್ಲಾ ಕೇಳಿ ನೋಡಿದ್ದೀರಾ? ಹೆಚ್ಚಿನವ್ರು ಕೇಳಿರೋದೇ ಇಲ್ಲ, "ಕೊಡಲ್ಲ ಬಿಡಿ" ಅಂತ ತಾವೇ ತೀರ್ಮಾನ ಮಾಡಿರ್ತಾರೆ. ಹೇಗೂ ಬಿಡೋಕೆ ರೆಡಿ ಇದ್ದೀರಲ್ಲಾ, ಕೇಳೋದ್ರಲ್ಲಿ ಕಳ್ಕೊಳ್ಳೋದೇನಿದೆ.

ರಜೆ ತಗೊಂಡೆ, ಟ್ರಿಪ್ಪೂ ಮಾಡ್ದೆ, ವಾಪಸ್ ಬಂದ ವಾರಕ್ಕೇ ಮತ್ತೆ ಅದೇ ಕಥೆ. ಯಾಕೆ?

ರಜೆಯಿಂದ ಸಿಕ್ಕಿದ ಹುರುಪು ಕೆಲವೇ ವಾರದಲ್ಲಿ ಇಳಿದು ಹೋಗುತ್ತೆ ಅಂತ ಇದನ್ನ ಸ್ಟಡಿ ಮಾಡಿದವ್ರೂ ಹೇಳ್ತಾರೆ, ನಿಮಗೊಬ್ಬರಿಗೇ ಅಲ್ಲ. ನೀವು ಬದಲಾದ್ರಿ, ನೀವು ವಾಪಸ್ ಹೋದ ಜಾಗ ಬದಲಾಗಿಲ್ವಲ್ಲಾ.

ಇನ್ನೊಂದು, ರಜೆಲಿ ಏನ್ ಮಾಡಿದ್ರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಸಬೀನಾ ಜೊನೆಂಟಾಗ್ ಮತ್ತೆ ಶಾರ್ಲೊಟ್ ಫ್ರಿಟ್ಜ್ 2007ರಲ್ಲಿ ಚೇತರಿಕೆಗೆ ಬೇಕಾಗೋ ನಾಲ್ಕು ಅನುಭವ ಗುರ್ತಿಸಿದ್ರು: ಮನಸ್ಸಲ್ಲೂ ಕೆಲ್ಸದಿಂದ ಬಿಡುಗಡೆ, ವಿಶ್ರಾಂತಿ, ಹೊಸದೇನಾದ್ರೂ ಕಲಿತು ಕೈಗೆ ಹತ್ತಿಸ್ಕೊಳ್ಳೋದು, ಮತ್ತೆ ನನ್ ಟೈಮ್ ನನ್ ಕೈಲಿದೆ ಅನ್ನೋದು. ಮೊಬೈಲಲ್ಲಿ ಆಫೀಸ್ ಗ್ರೂಪ್ ಮ್ಯೂಟ್ ಮಾಡಿ ಗಂಟೆಗೊಂದ್ ಸಲ ಇಣುಕಿ ನೋಡ್ತಾ ಸೋಫಾದಲ್ಲಿ ಬಿದ್ಕೊಂಡಿದ್ರೆ ಮೊದಲನೇದೂ ಆಗಿಲ್ಲ, ಮೂರನೇದಂತೂ ಇಲ್ಲವೇ ಇಲ್ಲ. ಸುಮ್ನೆ ಈಜು ಕಲಿಯೋದೋ, ಮರದಲ್ಲಿ ಏನಾದ್ರೂ ಕೆತ್ತೋದೋ, ಯಾರಿಗೂ ರಿಪೋರ್ಟ್ ಮಾಡಬೇಕಾಗಿಲ್ಲದ ಒಂದು ಕೆಲ್ಸ ಇಟ್ಕೊಳಿ. ಇದೇ ಮುಂದೆ ನನ್ ಕರಿಯರ್ ಆಗುತ್ತಾ ಅಂತ ಮಾತ್ರ ಮೊದಲನೇ ದಿನನೇ ಯೋಚಿಸೋಕೆ ಹೋಗ್ಬೇಡಿ.

ಕಂಪನಿ ಬದಲಾಯಿಸ್ಬೇಕಾ, ಪೂರ್ತಿ ಫೀಲ್ಡೇ ಬದಲಾಯಿಸ್ಬೇಕಾ?

ಇಡೀ ಪುಟದಲ್ಲಿ ಒಂದೇ ಪ್ರಶ್ನೆ ಓದೋಕೆ ಟೈಮಿದ್ರೆ ಇದನ್ನ ಓದಿ. ಜನ "ನಂಗೆ ಈ ಫೀಲ್ಡೇ ಆಗಲ್ಲ" ಅಂತ ಬಂದು ಕೂತ್ಕೋತಾರೆ, ಅರ್ಧ ಗಂಟೆ ಮಾತಾಡಿದ್ರೆ ಗೊತ್ತಾಗುತ್ತೆ ಆಗದೇ ಇರೋದು ಫೀಲ್ಡಲ್ಲ, ಎರಡು ವರ್ಷದ ಹಿಂದೆ ಬಂದ ಒಬ್ಬ ಮ್ಯಾನೇಜರ್ ಅಂತ. ಇನ್ನು ಕೆಲವ್ರು ಉಲ್ಟಾ, ಮೂರು ಕಂಪನಿ ಬದಲಾಯಿಸಿರ್ತಾರೆ, ಪ್ರತಿ ಸಲ ಮೊದಲ ಆರು ತಿಂಗಳು ಚೆನ್ನಾಗಿರುತ್ತೆ, ಆಮೇಲೆ ಅದೇ ಬೇಸರ, ಅಂಥವ್ರಿಗೆ ಕೆಲ್ಸದ ಒಳಗಿನ ಸರಕೇ ಹಿಡಿಸ್ತಿಲ್ಲ.

ಬಿಡಿಸಿ ನೋಡೋಕೆ ಮ್ಯಾಸ್ಲಾಕ್ ಮತ್ತೆ ಮೈಕೆಲ್ ಲೈಟರ್ ಗುರ್ತಿಸಿದ ಆರು ಅಂಶ ತುಂಬಾ ಉಪಯೋಗಕ್ಕೆ ಬರುತ್ತೆ. ಕೆಲ್ಸದ ಹೊರೆ ಎಷ್ಟಿದೆ, ಅದ್ರ ಮೇಲೆ ನಿಮ್ ಹಿಡಿತ ಎಷ್ಟಿದೆ, ಮಾಡಿದ್ದಕ್ಕೆ ಸಿಗೋದೇನು (ದುಡ್ಡೂ ಸೇರಿ, ಒಂದು ಒಳ್ಳೇ ಮಾತೂ ಸೇರಿ), ಜೊತೆಲಿರೋ ಜನ ಹೆಂಗಿದಾರೆ, ನ್ಯಾಯ ಇದ್ಯಾ, ಮತ್ತೆ ಅಲ್ಲಿ ಮಾಡಿಸೋ ಕೆಲ್ಸ ನೀವು ಸರಿ ಅನ್ಕೊಂಡಿರೋದಕ್ಕೆ ಹೊಂದುತ್ತಾ. ಈ ಆರರಲ್ಲಿ ನಿಮಗೂ ಆ ಜಾಗಕ್ಕೂ ಎಲ್ಲಿ ಹೊಂದಾಣಿಕೆ ತಪ್ಪಿದೆಯೋ ಅಲ್ಲಿಂದ ಬರ್ನ್‌ಔಟ್ ಹುಟ್ಟುತ್ತೆ ಅನ್ನೋದು ಅವ್ರ ಮಾತು.

ಒಂದು ಹಾಳೆಲಿ ಆರನ್ನೂ ಬರ್ಕೊಂಡು ಪ್ರತಿಯೊಂದರ ಮುಂದೆ ಕಳೆದ ಎರಡು ತಿಂಗಳಲ್ಲಿ ನಿಜವಾಗಿ ನಡೆದ ಒಂದು ಘಟನೆ ಬರೀರಿ, "ಹೊರೆ ಜಾಸ್ತಿ" ಅಂತ ಬರೆದ್ರೆ ಏನೂ ಗೊತ್ತಾಗಲ್ಲ, "ಶುಕ್ರವಾರ ಸಂಜೆ 6 ಗಂಟೆಗೆ ಸೋಮವಾರ ಬೆಳಗ್ಗೆಗೆ ಬೇಕು ಅಂತ ಫೈಲ್ ಕಳಿಸಿದ್ರು, ಸೋಮವಾರ ಅದನ್ನ ಯಾರೂ ತೆಗೆದೂ ನೋಡ್ಲಿಲ್ಲ" ಅಂತ ಬರೀರಿ. ಆ ಒಂದು ಸಾಲು ನೋಡಿ, ಮೇಲ್ನೋಟಕ್ಕೆ ಅದು ಹೊರೆ, ಆದ್ರೆ ಉರಿಸಿದ್ದು ಹೊರೆ ಅಲ್ಲ, ಮಾಡಿದ ಕೆಲ್ಸಕ್ಕೆ ಬೆಲೆ ಇಲ್ಲ ಅನ್ನೋದು.

ಹೊರೆ, ಹಿಡಿತ, ಜನ, ನ್ಯಾಯ, ಇವುಗಳಲ್ಲೇ ಮುಕ್ಕಾಲು ಘಟನೆ ಬಂದ್ರೆ ಬಹುಶಃ ಜಾಗ ಬದಲಾದ್ರೆ ಸಾಕು. ಆರನೇದು, ನಿಮ್ ಮೌಲ್ಯಕ್ಕೆ ಹೊಂದುತ್ತಾ ಅನ್ನೋ ಸಾಲಲ್ಲೇ ಮತ್ತೆ ಮತ್ತೆ ಬಂದ್ರೆ, ಅಂದ್ರೆ ಜನರಿಗೆ ಬೇಡದ್ದನ್ನ ತಲೆಗೆ ಕಟ್ಟಿ ಮಾರೋದು ನಂಗಾಗಲ್ಲ, ಬದುಕಿರೋ ಮನುಷ್ಯರನ್ನ ಬರೀ ನಂಬರ್ ತರ ನೋಡೋದು ನಂಗಾಗಲ್ಲ ಅಂತ ಬಂದ್ರೆ, ಆಗ ಫೀಲ್ಡ್ ಬಗ್ಗೆ ಯೋಚನೆ ಶುರು ಮಾಡಿ. ಹೊರೆ ವಿಷಯ ಲಘುವಾಗಿ ತಗೊಳ್ಳಿ ಅಂತಿಲ್ಲ, ವಾರಕ್ಕೆ 55 ಗಂಟೆ ಮತ್ತೆ ಅದಕ್ಕಿಂತ ಜಾಸ್ತಿ ದುಡಿಯೋವ್ರಿಗೆ 35ರಿಂದ 40 ಗಂಟೆ ದುಡಿಯೋವ್ರಿಗಿಂತ ಪಾರ್ಶ್ವವಾಯು ಬರೋ ಅಪಾಯ ಅಂದಾಜು 35% ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿವೆ. ಹೊರೆಗೆ ಮದ್ದು ಹೊರೆ ಇಳಿಸೋದು, ಜೀವನದ ಉದ್ದೇಶ ಹುಡುಕೋದಲ್ಲ, ಇವೆರಡನ್ನ ಕಲಸಿಬಿಟ್ರೆ ಎರಡೂ ಕೆಡುತ್ತೆ.

ದುಡ್ಡಿಗಿಂತ ಅರ್ಥ ಮುಖ್ಯ ಅನ್ಸ್ತಿದೆ. ಸೇವೆ ಕಡೆ, ಎನ್‌ಜಿಒ ಕಡೆ ಹೋದ್ರೆ ಬರ್ನ್‌ಔಟ್ ಆಗಲ್ಲ ಅಲ್ವಾ?

ಆಗುತ್ತೆ. ಮತ್ತೆ ಇದು ಸಣ್ಣ ಅಪಾಯ ಅಲ್ಲ.

ಬರ್ನ್‌ಔಟ್ ಬಗ್ಗೆ ಮೊದಮೊದಲು ಬಂದ ಲೇಖನಗಳಲ್ಲಿ ಒಂದನ್ನ 1974ರಲ್ಲಿ ಬರೆದಿದ್ದು ನ್ಯೂಯಾರ್ಕಿನ ಸೈಕಾಲಜಿಸ್ಟ್ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಅವ್ರು ಅಲ್ಲಿ ನೋಡಿದ್ದು ಬ್ಯಾಂಕಿನವ್ರನ್ನಲ್ಲ, ಸೇಲ್ಸ್‌ನವ್ರನ್ನಲ್ಲ, ಬಡವ್ರಿಗೆ ಉಚಿತವಾಗಿ ಚಿಕಿತ್ಸೆ ಕೊಡೋ ಕ್ಲಿನಿಕ್‌ನಲ್ಲಿ ಮನಸಾರೆ ದುಡೀತಿದ್ದ ಸ್ವಯಂಸೇವಕರನ್ನ. ಹಗಲೆಲ್ಲಾ ಬೇರೆ ಕೆಲ್ಸ ಮುಗಿಸಿ ಬಂದು ರಾತ್ರಿ ತನಕ ಅಲ್ಲಿ ದುಡಿದವ್ರಲ್ಲಿ ಅವ್ರೂ ಒಬ್ರು. ಸೇರಿ ಸುಮಾರು ಒಂದು ವರ್ಷ ಆಗೋ ಹೊತ್ತಿಗೆ ಜನ ಬತ್ತಿ ಹೋಗ್ತಾರೆ, ಅದ್ರಲ್ಲೂ ಜಾಸ್ತಿ ನಿಷ್ಠೆ ಇರೋವ್ರೇ ಮೊದ್ಲು ಸಿಕ್ಕಿಬೀಳ್ತಾರೆ ಅಂತ ಬರೆದ್ರು.

ಅಂದ್ರೆ ಉದ್ದೇಶ ಇದ್ದ ಜಾಗದಲ್ಲೇ ಇದನ್ನ ಕಂಡಿದ್ದು. ಅರ್ಥ ಇರೋ ಕೆಲ್ಸದಲ್ಲಿ "ಇವತ್ತಿಗೆ ಸಾಕು" ಅನ್ನೋಕೆ ಬಾಯಿ ಬರಲ್ಲ, ಎದುರಿಗೆ ಕಷ್ಟದಲ್ಲಿರೋ ಮನುಷ್ಯ ಕೂತಿರ್ತಾನೆ, ಬೇಡ ಅಂದ್ರೆ ಪಾಪಪ್ರಜ್ಞೆ, ಇನ್ನು ಕೆಲವು ಸಂಸ್ಥೆಗಳು "ಸೇವೆ ಅಲ್ವಾ" ಅನ್ನೋ ಒಂದೇ ಮಾತಿಂದ ಸಂಬಳನೂ ಕಡಿತವೆ, ರಜೆನೂ ಕಡಿತವೆ. ಅಂಥ ಕಡೆ ಸೇರೋದಾದ್ರೆ ಮೇಲಿನ ಆರು ಸಾಲನ್ನ ಇನ್ನೂ ಕಟ್ಟುನಿಟ್ಟಾಗಿ ನೋಡಿ. ಇಂಟರ್‌ವ್ಯೂಲಿ ನೀವೇ ಕೇಳಿ, ನಿಮ್ಮಲ್ಲಿ ಈ ಪೋಸ್ಟಲ್ಲಿ ಇದ್ದವ್ರು ಎಷ್ಟು ವರ್ಷ ಇದ್ರು, ಯಾಕೆ ಬಿಟ್ರು ಅಂತ. ಉತ್ತರ ಹೇಳೋಕೆ ತಡವರಿಸಿದ್ರೆ ಅದೇ ಉತ್ತರ.

ಎಲ್ಲಾ ಹೇಳ್ತಾರೆ ಪ್ಯಾಷನ್ ಹುಡುಕು ಅಂತ. ನಂಗೆ ಯಾವ್ದೂ ಇಲ್ಲ ಅನ್ಸುತ್ತೆ.

ಬಳಲಿರೋವಾಗ ಯಾರಿಗೂ ಇರಲ್ಲ, ಆಸೆ ಪಡೋಕೂ ಶಕ್ತಿ ಬೇಕು. ಅದಕ್ಕೇ ನಾನು ಮೊದ್ಲು ಚೇತರಿಸ್ಕೊಳಿ, ಆಮೇಲೆ ಹುಡುಕಿ ಅಂತ ತಲೆ ತಿನ್ನೋದು.

ಮತ್ತೆ ಪ್ಯಾಷನ್ ಅನ್ನೋದು ಎಲ್ಲೋ ಒಂದು ಕಡೆ ರೆಡಿಯಾಗಿ ಬಿದ್ದಿರುತ್ತೆ, ಹೋಗಿ ಎತ್ಕೊಳ್ಳೋದು ಅನ್ನೋ ಕಲ್ಪನೆನೇ ಸ್ವಲ್ಪ ಎಡವಟ್ಟು. ಪಾಲ್ ಒಕೀಫ್, ಕ್ಯಾರಲ್ ಡ್ವೆಕ್, ಗ್ರೆಗ್ ವಾಲ್ಟನ್ 2018ರಲ್ಲಿ ಪ್ರಕಟಿಸಿದ ಸ್ಟಡಿಲಿ, ಆಸಕ್ತಿ ಹುಟ್ಟಿಂದಲೇ ಬರುತ್ತೆ ಅಂತ ನಂಬಿದವ್ರು ವಿಷಯ ಸ್ವಲ್ಪ ಕಷ್ಟ ಆದ ತಕ್ಷಣ "ಓ, ಇದು ನಂದಲ್ಲ" ಅಂತ ಬೇಗ ಕೈ ಬಿಟ್ರು, ಬೆಳೆಸ್ಕೋಬಹುದು ಅಂತ ನಂಬಿದವ್ರಲ್ಲಿ ಆಸಕ್ತಿ ಜಾಸ್ತಿ ಹೊತ್ತು ಉಳೀತು.

ಪ್ಯಾಷನ್ ಬಿಟ್ಟು ಒಂದು ನೋಟ್‌ಬುಕ್ ತಗೊಳಿ. ನಂಗೆ ಗೊತ್ತಿರೋ ಒಬ್ರು ಅಕೌಂಟ್ಸ್‌ನಲ್ಲಿ ತುಂಬಾ ವರ್ಷ ಇದ್ರು, ಅಂಕಿ ನೋಡಿದ್ರೆ ಹೇಸಿಗೆ ಅನ್ನೋ ತನಕ ಬಂದಿದ್ರು. ರಾತ್ರಿ ಮಲಗೋ ಮುಂಚೆ ಆವತ್ತಿನ ಎರಡು ವಿಷಯ ಬರೀತಿದ್ರು, ಏನು ಹಿಂಡ್ತು, ಏನು ಮಾಡುವಾಗ ಟೈಮ್ ಹೋಗಿದ್ದು ಗೊತ್ತಾಗ್ಲಿಲ್ಲ. ಒಂದು ದಿನದ ಪುಟ ನಂಗೆ ತೋರಿಸಿದ್ರು: "ತಿಂಗಳ ಕೊನೆ ರಿಪೋರ್ಟ್, ಅದೇ ಕಾಲಂ ನಾಲ್ಕನೇ ಸಲ, ಕಣ್ಣುರಿ. ಹೊಸ ಹುಡುಗನಿಗೆ ಬ್ಯಾಲೆನ್ಸ್ ಶೀಟ್ ಓದೋದು ಹೇಳ್ಕೊಟ್ಟೆ, ಊಟದ ಬೆಲ್ ಆಗಿದ್ದೇ ಕೇಳಿಸ್ಲಿಲ್ಲ." ಕೆಲವು ವಾರದ ಪುಟ ತಿರುವಿದಾಗ ಎರಡನೇ ಸಾಲಲ್ಲಿ ಯಾವಾಗ್ಲೂ ಒಬ್ಬ ಮನುಷ್ಯ ಇದ್ದ, ಯಾರಿಗೋ ಏನೋ ಅರ್ಥ ಮಾಡ್ಸೋದಿತ್ತು, ಮೊದಲನೇ ಸಾಲಲ್ಲಿ ಯಾವಾಗ್ಲೂ ಅವ್ರು ಒಬ್ರೇ ಇದ್ರು. ಅಂಕಿ ಮೇಲೆ ಹೇಸಿಗೆ ಇರ್ಲೇ ಇಲ್ಲ.

ಅಂತರ್ಜಾಲದಲ್ಲಿ ಸಿಗೋ ನಾಲ್ಕು ವೃತ್ತದ ಇಕಿಗೈ ಚಿತ್ರ ತುಂಬಿಸಿದ್ರೆ ಆಗುತ್ತಾ?

ತುಂಬಿಸಿ, ನಷ್ಟ ಏನಿಲ್ಲ. ಇಕಿಗೈ ಅಂದ್ರೆ ಬದುಕೋಕೆ ಒಂದು ಕಾರಣ ಅನ್ನೋ ಅರ್ಥದ ಜಪಾನೀ ಪದ. ಆದ್ರೆ ಇಷ್ಟ, ಸಾಮರ್ಥ್ಯ, ಜಗತ್ತಿಗೆ ಬೇಕಾದ್ದು, ದುಡ್ಡು ಎಲ್ಲಾ ಒಂದೇ ಬಿಂದುಲಿ ಸೇರ್ಲೇಬೇಕು ಅನ್ನೋದು ಜಪಾನಿನ ಹಳೇ ಜ್ಞಾನ ಏನಲ್ಲ, ಅಲ್ಲಿನವ್ರಿಗೆ ಬೆಳಗ್ಗೆ ಗಿಡಕ್ಕೆ ನೀರು ಹಾಕೋದೂ ಇಕಿಗೈ ಆಗಬಹುದು, ಅದಕ್ಕೆ ಸಂಬಳ ಬರಬೇಕಿಲ್ಲ. ನಾಲ್ಕೂ ಒಂದೇ ಕೆಲ್ಸದಲ್ಲಿ ಸಿಗ್ಲಿಲ್ಲ ಅಂತ ಯಾರೂ ಫೇಲ್ ಆಗಲ್ಲ.

ನನ್ ಹಾಬಿನೇ ಫುಲ್ ಟೈಮ್ ಮಾಡ್ಕೊಂಡ್ರೆ?

ಮಾಡ್ಕೊಂಡು ಖುಷಿಯಾಗಿರೋವ್ರು ಇದಾರೆ, ಆದ್ರೂ ಒಂದು ವಿಷಯ ತಿಳ್ಕೊಂಡಿರಿ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತೆ ಜೊತೆಯವ್ರು ಚಿತ್ರ ಬಿಡಿಸೋದು ಇಷ್ಟ ಇರೋ ಪುಟ್ಟ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದ್ರು, ಬಿಡಿಸಿದ್ರೆ ಬಹುಮಾನ ಕೊಡ್ತೀವಿ ಅಂತ ಮೊದ್ಲೇ ಹೇಳಿ ಕೊಟ್ಟ ಮಕ್ಕಳು ಆಮೇಲೆ ಆಟದ ಟೈಮಲ್ಲಿ ಚಿತ್ರದ ಕಡೆ ಹೋಗೋದೇ ಕಮ್ಮಿ ಆಯ್ತು. ಇಷ್ಟಕ್ಕೆ ಮಾಡ್ತಿದ್ದದ್ದು ಬಹುಮಾನಕ್ಕೆ ಮಾಡೋ ಕೆಲ್ಸ ಆಗ್ಬಿಡ್ತು.

ಫೋಟೋ ತೆಗೆಯೋದು ಇಷ್ಟ ಇರೋರು ಫೋಟೋಗ್ರಫಿನ ಕಸುಬು ಮಾಡ್ಕೊಂಡ್ರೆ ವಾರದಲ್ಲಿ ಕ್ಯಾಮೆರಾ ಹಿಡಿಯೋದು ಒಂದಿಷ್ಟು ಗಂಟೆ, ಉಳಿದಿದ್ದು ಎಡಿಟಿಂಗ್, ಬಿಲ್ ಕಳಿಸೋದು, ಬಾಕಿ ಕೇಳೋದು, "ನನ್ ಮುಖ ಯಾಕೆ ಹೀಗೆ ಬಂದಿದೆ" ಅನ್ನೋವ್ರಿಗೆ ಸಮಾಧಾನ ಹೇಳೋದು. ಆ ಉಳಿದಿದ್ದು ನಿಮಗೆ ಸಹಿಸೋಕಾಗುತ್ತಾ ಅನ್ನೋದರ ಮೇಲೆ ತೀರ್ಮಾನ ಮಾಡಿ, ಕ್ಯಾಮೆರಾ ಮೇಲಿನ ಪ್ರೀತಿ ಮೇಲೆ ಅಲ್ಲ. ಬರ್ನ್‌ಔಟ್ ಆಗಿರೋವಾಗ ನಿಮ್ಮನ್ನ ಹಿಡಿದು ನಿಲ್ಸಿರೋದು ಆ ಹಾಬಿ ಒಂದೇ ಆಗಿದ್ರೆ ಸದ್ಯಕ್ಕೆ ಅದನ್ನ ಮುಟ್ಟಬೇಡಿ.

ಹಾಗಾದ್ರೆ ಹೊಸ ದಾರಿ ಸರಿ ಇದ್ಯಾ ಅಂತ ಟೆಸ್ಟ್ ಮಾಡೋದು ಹೇಗೆ?

ಯೋಚನೆ ಮಾಡಿ ಗೊತ್ತಾಗಲ್ಲ, ಮಾಡಿ ನೋಡ್ಬೇಕು. ಕರಿಯರ್ ಬದಲಾವಣೆ ಬಗ್ಗೆ ತುಂಬಾ ಸ್ಟಡಿ ಮಾಡಿರೋ ಹರ್ಮಿನಿಯಾ ಇಬಾರಾ ಕೂಡ ಹೇಳೋದು ಇದನ್ನೇ, ಮೊದ್ಲು ನಾನ್ಯಾರು ಅಂತ ಕಂಡುಹಿಡಿದು ಆಮೇಲೆ ಹೆಜ್ಜೆ ಇಡೋದು ಕೆಲ್ಸ ಮಾಡಲ್ಲ, ಸಣ್ಣ ಸಣ್ಣದಾಗಿ ಮಾಡ್ತಾ ಹೊಸ ಜನರ ಜೊತೆ ಬೆರೀತಾ ಹೋದ ಹಾಗೇ ಗೊತ್ತಾಗೋದು ಅಂತ. ಕೋಣೆಲಿ ಬಾಗಿಲು ಹಾಕ್ಕೊಂಡು ಆರು ತಿಂಗಳು ಆತ್ಮಾವಲೋಕನ ಮಾಡೋವ್ರಿಗೆ ನಾನು ಕೊಡೋ ಸಲಹೆ, ಹೊರಗೆ ಬನ್ನಿ.

ಮೊದ್ಲು ಆ ಕೆಲ್ಸ ಮಾಡ್ತಿರೋವ್ರ ಹತ್ರ ಮಾತಾಡಿ, ಒಬ್ರಲ್ಲ, ನಾಲ್ಕೈದು ಜನ, ಅದ್ರಲ್ಲಿ ಆ ಕೆಲ್ಸ ಬಿಟ್ಟವ್ರೂ ಒಬ್ರು ಇರ್ಲಿ. "ಹೇಗಿದೆ" ಅಂತ ಕೇಳ್ಬೇಡಿ, ಚೆನ್ನಾಗಿದೆ ಅಂತಾರೆ. "ಹೋದ ಮಂಗಳವಾರ ಬೆಳಗ್ಗೆಯಿಂದ ಸಂಜೆ ತನಕ ಏನ್ ಮಾಡಿದ್ರಿ" ಅಂತ ಕೇಳಿ. ದೂರದ ಬೆಟ್ಟ ನುಣ್ಣಗೆ ಅನ್ನೋದು ಕರಿಯರ್ ವಿಷಯದಲ್ಲಿ ನೂರಕ್ಕೆ ನೂರು ನಿಜ, ಮಂಗಳವಾರದ ಲೆಕ್ಕ ಕೇಳಿದ್ರೆ ಬೆಟ್ಟದ ಕಲ್ಲು ಮುಳ್ಳು ಕಾಣೋಕೆ ಶುರುವಾಗುತ್ತೆ.

ಆಮೇಲೆ ಒಂದು ದಿನ ಜೊತೆಲಿ ಕೂತು ನೋಡಿ, ಆಮೇಲೆ ವಾರಕ್ಕೆ ಒಂದೆರಡು ಸಂಜೆ ನೀವೇ ಮಾಡಿ. ಮೇಲೆ ಹೇಳಿದ ಅಕೌಂಟ್ಸ್‌ನವ್ರು ನೇರವಾಗಿ ಕೆಲ್ಸ ಬಿಟ್ಟು ಟೀಚರ್ ಆಗ್ಲಿಲ್ಲ, ಸಂಜೆ ಹೊತ್ತು ಸಣ್ಣ ವ್ಯಾಪಾರ ಮಾಡೋವ್ರಿಗೆ ಲೆಕ್ಕ ಇಡೋದು ಹೇಳ್ಕೊಡೋಕೆ ಶುರು ಮಾಡಿದ್ರು. ಕಲಿಸೋದು ಖುಷಿ ಆಯ್ತು, ಪರೀಕ್ಷೆ ಪೇಪರ್ ತಿದ್ದೋದು ಮಾತ್ರ ಹಳೇ ತಿಂಗಳ ಕೊನೆ ರಿಪೋರ್ಟಿಗಿಂತ ಕಡೆ ಅಂತ ಗೊತ್ತಾಯ್ತು, ಅದಕ್ಕೆ ಪೇಪರ್ರೇ ಇಲ್ಲದ ಟ್ರೇನಿಂಗ್ ಕೆಲ್ಸದ ಕಡೆ ತಿರುಗಿದ್ರು. ಈ ಪೇಪರ್ ವಿಷಯ ಬಿ.ಎಡ್‌ಗೆ ಸೇರಿ ವರ್ಷಗಟ್ಟಲೆ ಓದಿದ ಮೇಲೆ ಗೊತ್ತಾಗಿದ್ರೆ?

ಕೋರ್ಸ್ ವಿಷಯ ಹೇಳ್ಲೇಬೇಕು. ಹೊಸ ದಾರಿ ಅಂದ ತಕ್ಷಣ ದೊಡ್ಡ ಫೀಸಿನ ಕೋರ್ಸ್ ಸೇರೋದು ತುಂಬಾ ಜನರ ಅಭ್ಯಾಸ, ಏನೋ ಮಾಡ್ತಿದೀನಿ ಅನ್ನೋ ಸಮಾಧಾನ ಸಿಗುತ್ತೆ, ಆದ್ರೆ ತರಗತಿಲಿ ಕೂರೋದು ಇಷ್ಟ ಆಗೋದಕ್ಕೂ ಆ ಕೆಲ್ಸ ಇಷ್ಟ ಆಗೋದಕ್ಕೂ ಸಂಬಂಧ ಇಲ್ಲ. ಕಾನೂನು ಪ್ರಕಾರ ಡಿಗ್ರಿ ಇಲ್ಲದೇ ಮಾಡೋಕಾಗದ ಕೆಲ್ಸ ಬಿಟ್ರೆ ಕೋರ್ಸ್ ಕೊನೆಗೆ ಇರ್ಲಿ.

ಮನೆ ನನ್ ಸಂಬಳದ ಮೇಲೇ ನಡೀತಿದೆ. ಕೆಲ್ಸ ಬಿಡೋಕಾಗಲ್ಲ. ನಂಗೆ ಇದೆಲ್ಲಾ ಇಲ್ವಾ ಹಾಗಾದ್ರೆ?

ಇದೆ. ಈ ವಿಷಯದ ಬಗ್ಗೆ ಬರೆಯೋವ್ರು ಹೆಚ್ಚಿನವ್ರು ಸೇವಿಂಗ್ಸ್ ಇರೋವ್ರಿಗೇ ಬರೀತಾರೆ, ಅದು ನಂಗೂ ಸಿಟ್ಟು ಬರ್ಸುತ್ತೆ.

ಎಮಿ ರೆಜ್ನೆಸ್ಕಿ ಮತ್ತೆ ಜೇನ್ ಡಟನ್ ಅನ್ನೋವ್ರು ಆಸ್ಪತ್ರೆಲಿ ಕ್ಲೀನಿಂಗ್ ಮಾಡೋವ್ರ ಜೊತೆ ಮಾತಾಡಿ 2001ರಲ್ಲಿ ಬರೆದ್ರು. ಒಂದೇ ಕೆಲ್ಸ, ಒಂದೇ ಹುದ್ದೆ, ಆದ್ರೆ ಕೆಲವ್ರು ಅದನ್ನ ಬರೀ ಗುಡಿಸಿ ಒರೆಸೋದು ಅಂದ್ರು, ಇನ್ನು ಕೆಲವ್ರು ರೋಗಿಗಳ ಜೊತೆ, ನೋಡೋಕೆ ಬಂದವ್ರ ಜೊತೆ ಮಾತಾಡ್ತಾ, ನರ್ಸ್‌ಗಳ ಕೆಲ್ಸಕ್ಕೆ ಅನುಕೂಲ ಆಗೋ ಹಾಗೆ ತಮ್ಮ ಟೈಮ್ ಹೊಂದಿಸ್ಕೋತಾ, ರೋಗಿ ಗುಣ ಆಗೋದ್ರಲ್ಲಿ ನಮ್ದೂ ಪಾಲಿದೆ ಅನ್ನೋ ತರ ಮಾಡ್ತಿದ್ರು. ಯಾರೂ ಅವ್ರಿಗೆ ಹಾಗೆ ಮಾಡಿ ಅಂತ ಹೇಳಿರ್ಲಿಲ್ಲ.

ಇದನ್ನೇ ಮ್ಯಾನೇಜ್‌ಮೆಂಟ್‌ನವ್ರು "ಇರೋದ್ರಲ್ಲೇ ಅರ್ಥ ಹುಡುಕ್ಕೊಳಿ" ಅಂತ ತಮಗೆ ಬೇಕಾದ ಹಾಗೆ ಬಳಸ್ಕೋತಾರೆ, ಹುಷಾರು. ಕಮ್ಮಿ ಸಂಬಳ, ಜಾಸ್ತಿ ಪಾಳಿ ಇದ್ರೆ ಮನಸ್ಸು ಬದಲಾಯಿಸ್ಕೊಂಡು ಅದನ್ನ ಸರಿ ಮಾಡೋಕಾಗಲ್ಲ. ಆದ್ರೆ ಬಿಡೋಕೆ ಆಗದೇ ಇರೋ ಸಮಯದಲ್ಲಿ ದಿನದ ಒಂದು ಗಂಟೆನಾದ್ರೂ ನಿಮ್ ನೋಟ್‌ಬುಕ್ಕಿನ ಎರಡನೇ ಸಾಲಿನ ಕಡೆ ತಿರುಗಿಸೋಕಾಗುತ್ತಾ ನೋಡಿ, ಆ ಒಂದು ಗಂಟೆನೇ ಮುಂದಿನ ರೆಸ್ಯೂಮೆಗೆ ಅನುಭವನೂ ಆಗುತ್ತೆ.

ಬಿಡೋದೇ ಅಂತಾದ್ರೆ ಎಷ್ಟು ದುಡ್ಡು ಇಟ್ಕೋಬೇಕು?

ಆರು ತಿಂಗಳ ಖರ್ಚು ಅಂತ ಸಾಮಾನ್ಯವಾಗಿ ಹೇಳ್ತಾರೆ, ಅದು ಅದೇ ಫೀಲ್ಡಲ್ಲಿ ಇನ್ನೊಂದು ಕೆಲ್ಸ ಹುಡುಕೋವ್ರಿಗೆ. ಫೀಲ್ಡ್ ಬದಲಾಯಿಸೋವ್ರು ಮೂರು ಲೆಕ್ಕ ಒಟ್ಟಿಗೆ ಹಾಕಿ: ಚೇತರಿಕೆಗೆ ಬೇಕಾದ ತಿಂಗಳು, ಕಲಿಯೋಕೆ ಮತ್ತೆ ಹುಡುಕೋಕೆ ಬೇಕಾದ ತಿಂಗಳು, ಮತ್ತೆ ಹೊಸ ಕೆಲ್ಸದಲ್ಲಿ ಮೊದಮೊದಲು ಸಂಬಳ ಕಮ್ಮಿ ಇರುತ್ತಲ್ಲಾ ಆ ವ್ಯತ್ಯಾಸ. ಜನ ಮರೆಯೋದು ಈ ಮೂರನೇದನ್ನ. ಆಫೀಸಿಂದ ಇನ್ಶೂರೆನ್ಸ್ ಇದ್ರೆ ಅದು ಯಾವತ್ತು ನಿಲ್ಲುತ್ತೆ ನೋಡಿ, ಬಿಡೋ ಮುಂಚೆನೇ ಸ್ವಂತದ್ದು ಮಾಡಿಸಿ. ಸಾಲದ ಕಂತು ಇದ್ರೆ ಈಗಿನ ಸಂಬಳ ಬರ್ತಿರೋವಾಗ್ಲೇ ಎಷ್ಟಾಗುತ್ತೋ ಇಳಿಸಿ.

ಸುಲಭದ ಪರೀಕ್ಷೆ ಬೇಕಾ, ಹೊಸ ಕೆಲ್ಸದಲ್ಲಿ ಬರೋ ಸಂಬಳದಷ್ಟರಲ್ಲೇ ಈಗಿಂದ್ಲೇ ಮೂರು ತಿಂಗಳು ಮನೆ ನಡ್ಸಿ, ಉಳಿದಿದ್ದು ಎತ್ತಿಡಿ. ಸೇವಿಂಗ್ಸೂ ಆಯ್ತು, ಆಗುತ್ತೋ ಇಲ್ವೋ ಅಂತನೂ ಗೊತ್ತಾಯ್ತು.

ಇಷ್ಟು ವರ್ಷ ಓದಿದ್ದು, ದುಡಿದಿದ್ದು ಎಲ್ಲಾ ವೇಸ್ಟಾ? ವಯಸ್ಸೂ ಆಯ್ತು.

ಹಾಲ್ ಆರ್ಕ್ಸ್ ಮತ್ತೆ ಕ್ಯಾಥರೀನ್ ಬ್ಲೂಮರ್ 1985ರಲ್ಲಿ ಒಂದು ಮಜವಾದ ಪ್ರಯೋಗ ಪ್ರಕಟಿಸಿದ್ರು, ನಾಟಕಗಳ ಸೀಸನ್ ಟಿಕೆಟ್ ತಗೊಳ್ಳೋಕೆ ಬಂದವ್ರಲ್ಲಿ ಕೆಲವ್ರಿಗೆ ಪೂರ್ತಿ ಬೆಲೆ, ಕೆಲವ್ರಿಗೆ ರಿಯಾಯ್ತಿ. ಸೀಸನ್ನಿನ ಮೊದಲರ್ಧದಲ್ಲಿ ಪೂರ್ತಿ ಬೆಲೆ ಕೊಟ್ಟವ್ರೇ ಜಾಸ್ತಿ ನಾಟಕ ನೋಡಿದ್ರು. ನಾಟಕ ಎಲ್ಲರಿಗೂ ಒಂದೇ, ದುಡ್ಡು ಹೋಗಿದೆಯಲ್ಲಾ ಅನ್ನೋದು ಎಬ್ಬಿಸಿ ಕಳಿಸ್ತಿತ್ತು. ಡಿಗ್ರಿಗೆ ಸುರಿದ ವರ್ಷಗಳೂ ಹಾಗೇ ನಮ್ಮನ್ನ ಎಬ್ಬಿಸಿ ಆಫೀಸಿಗೆ ಕಳಿಸ್ತಿರ್ತವೆ. ಹೋದ ವರ್ಷ ಎರಡು ಕಡೆನೂ ಹೋಗಿದ್ದೇ, ಇದ್ರೂ ಬಿಟ್ರೂ, ಅದಕ್ಕೇ ಲೆಕ್ಕ ಹಾಕೋದಾದ್ರೆ ಮುಂದೆ ದುಡಿಯೋಕಿರೋ ವರ್ಷಗಳನ್ನ ಹಾಕಿ.

ಹಾಗಂತ ವಯಸ್ಸಿನ ತಾರತಮ್ಯ ಇಲ್ಲ ಅಂತ ಸುಳ್ಳು ಹೇಳಲ್ಲ, ಇದೆ. 45ರಲ್ಲಿ ಫ್ರೆಶರ್ ಸಾಲಲ್ಲಿ ನಿಂತ್ರೆ ಸೋಲ್ತೀರಿ. ಅದಕ್ಕೇ ಆ ವಯಸ್ಸಲ್ಲಿ ಪೂರ್ತಿ ಹೊಸದಕ್ಕೆ ಹಾರೋ ಬದ್ಲು ಒಂದು ಕಾಲು ಹಳೇ ಕಡೆ ಇಟ್ಟು ದಾಟೋದು ಉತ್ತಮ, ಅದೇ ಉದ್ಯಮದಲ್ಲಿ ಬೇರೆ ಪಾತ್ರ, ಇಲ್ಲ ಅದೇ ಪಾತ್ರ ಬೇರೆ ಉದ್ಯಮದಲ್ಲಿ. ಎರಡನ್ನೂ ಒಟ್ಟಿಗೆ ಬದಲಾಯಿಸೋದು ತುಂಬಾ ಕಷ್ಟ.

ಮನೆಯವ್ರಿಗೆ ಹೇಗೆ ಹೇಳೋದು?

"ನನ್ ಉದ್ದೇಶ ಹುಡುಕ್ತಿದೀನಿ" ಅಂತ ಶುರು ಮಾಡ್ಬೇಡಿ, ಹೆದರ್ತಾರೆ. ನಿದ್ದೆ ಬರ್ತಿಲ್ಲ, ಡಾಕ್ಟರ್ ಹೀಗಂದ್ರು, ಇಷ್ಟು ತಿಂಗಳಿಗೆ ದುಡ್ಡಿದೆ, ಇಂಥ ತಿಂಗಳ ತನಕ ಇದನ್ನ ಟ್ರೈ ಮಾಡ್ತೀನಿ, ಆಗ್ಲಿಲ್ಲ ಅಂದ್ರೆ ಹಳೇ ಲೈನಲ್ಲೇ ಹುಡುಕ್ತೀನಿ ಅಂತ ಹೇಳಿ. ಅವ್ರ ಭಯದಲ್ಲಿ ಅರ್ಧ ಭಾಗ ಇದಕ್ಕೆ ಕೊನೆ ಇಲ್ಲ ಅನ್ನೋದು, ತಾರೀಖು ಹೇಳಿದ್ರೆ ಅದು ಇಳಿಯುತ್ತೆ. ಗಂಡನೋ ಹೆಂಡತಿಯೋ ದುಡೀತಿದ್ರೆ ಅವ್ರ ಮೇಲೆ ಬೀಳೋ ಹೊರೆನ ಅವ್ರು ಕೇಳೋ ಮುಂಚೆ ನೀವೇ ಮಾತಿಗೆ ತನ್ನಿ.

ರೆಸ್ಯೂಮೆಲಿ ಗ್ಯಾಪ್ ಇದೆ, ಇಂಟರ್‌ವ್ಯೂಲಿ ಏನ್ ಹೇಳ್ಲಿ?

ಚಿಕ್ಕದಾಗಿ, ನಿಜ ಹೇಳಿ. "ಆರೋಗ್ಯಕ್ಕೋಸ್ಕರ ಬ್ರೇಕ್ ತಗೊಂಡೆ, ಈಗ ಸರಿ ಇದೀನಿ, ಆ ಟೈಮಲ್ಲಿ ಇದನ್ನ ಕಲಿತೆ", ಇಷ್ಟು ಸಾಕು. ಹಳೇ ಕಂಪನಿನ ಬೈಯೋಕೆ ಹೋಗ್ಬೇಡಿ, ಎಷ್ಟೇ ನ್ಯಾಯ ಇದ್ರೂ ಆ ಟೇಬಲ್ ಅದಕ್ಕಲ್ಲ.

ಕೆಲ್ಸದಲ್ಲಿ ಉದ್ದೇಶ ಇರ್ಲೇಬೇಕಾ? ದುಡ್ಡಿಗೆ ಕೆಲ್ಸ, ಸಂಜೆ ನನ್ ಜೀವನ ಅಂತಿದ್ರೆ ತಪ್ಪಾ?

ತಪ್ಪೇನಿಲ್ಲ, ಬರ್ನ್‌ಔಟ್ ಆದವ್ರಲ್ಲಿ ಕೆಲವ್ರಿಗೆ ನಾನೇ ಇದನ್ನ ಸೂಚಿಸ್ತೀನಿ. ರೆಜ್ನೆಸ್ಕಿ ಮತ್ತೆ ಜೊತೆಯವ್ರು 1997ರಲ್ಲಿ ನೋಡಿದಾಗ ಜನ ತಮ್ ಕೆಲ್ಸನ ಮೂರು ತರ ಕಾಣ್ತಿದ್ರು, ಸಂಬಳಕ್ಕೆ ಅಂತ, ಮೇಲೇರೋಕೆ ಅಂತ, ಇಲ್ಲ ಕೆಲ್ಸನೇ ಬದುಕಿನ ಅರ್ಥ ಅಂತ. ಒಂದೇ ತರ ಆಫೀಸ್ ಅಸಿಸ್ಟೆಂಟ್ ಕೆಲ್ಸ ಮಾಡ್ತಿದ್ದವ್ರಲ್ಲೂ ಈ ಮೂರು ಗುಂಪು ಹೆಚ್ಚು ಕಮ್ಮಿ ಸಮವಾಗಿ ಇದ್ವು.

ಅರ್ಥ ಅಂತ ಕಂಡವ್ರಿಗೆ ತೃಪ್ತಿ ಜಾಸ್ತಿ ಇತ್ತು, ಅದು ನಿಜ. ಆದ್ರೆ ಹತ್ತು ವರ್ಷ ಕೆಲ್ಸನೇ ಎಲ್ಲಾ ಅಂತ ಬದುಕಿ ಬತ್ತಿ ಹೋದವ್ರಿಗೆ ತಕ್ಷಣ ಇನ್ನೊಂದು "ಎಲ್ಲಾ" ಹುಡುಕ್ಕೊಡೋದು ಔಷಧಿ ಅಲ್ಲ. ಐದು ಗಂಟೆಗೆ ಮುಗಿಯೋ, ತಲೆ ತಿನ್ನದ, ಜನ ಒಳ್ಳೆಯವ್ರಿರೋ ಒಂದು ಸಾಧಾರಣ ಕೆಲ್ಸ ಹಿಡಿದು ಎರಡು ವರ್ಷ ಇರಿ. ಮಕ್ಕಳು, ಸ್ನೇಹಿತರು, ಹಾಡು, ತೋಟ, ಓದು ಯಾವುದರಲ್ಲಿ ಅರ್ಥ ಸಿಗುತ್ತೋ ಸಿಗ್ಲಿ. ಅಲ್ಲಿಂದ ಮುಂದೆ ಏನಾದ್ರೂ ಹುಟ್ಟಿದ್ರೆ ಸಂತೋಷ, ಹುಟ್ಲಿಲ್ಲ ಅಂದ್ರೂ ನಿದ್ದೆ ಬರ್ತಿದೆಯಲ್ಲಾ.

ಹೊಸ ಕೆಲ್ಸದಲ್ಲೂ ಮತ್ತೆ ಹಾಗೇ ಆದ್ರೆ?

ಆಗಬಹುದು, ಅದ್ರಲ್ಲೂ ಎಲ್ಲದಕ್ಕೂ "ನಾನ್ ಮಾಡ್ತೀನಿ ಬಿಡಿ" ಅನ್ನೋ ಅಭ್ಯಾಸ ನಿಮ್ ಜೊತೆನೇ ಬಂದಿದ್ರೆ. ಹೊಸ ಕಡೆ ಸೇರಿದವ್ರು ತಾವೇನು ಅಂತ ತೋರಿಸ್ಕೊಳ್ಳೋಕೆ ಮೊದಲ ಮೂರು ತಿಂಗಳು ಹಗಲು ರಾತ್ರಿ ದುಡೀತಾರೆ, ಆಮೇಲೆ ಅದೇ ಅವ್ರ ಮಾಮೂಲಿ ಅಳತೆ ಅಂತ ಆಗ್ಬಿಡುತ್ತೆ, ಇಳಿಸೋಕೆ ಹೋದ್ರೆ "ಯಾಕೋ ಮೊದಲಿನ ಹಾಗಿಲ್ಲ" ಅಂತಾರೆ. ಮೊದಲ ವಾರದಿಂದಲೇ ನೀವು ಐದು ವರ್ಷ ಮಾಡಬಲ್ಲಷ್ಟೇ ಮಾಡಿ.

ಹಳೇದು ಶುರುವಾಗಿದ್ದು ಹೇಗೆ ಅಂತ ನಿಮಗೇ ಗೊತ್ತಿರುತ್ತೆ, ಒಬ್ಬರಿಗೆ ಮೊದ್ಲು ನಿದ್ದೆ ಹೋಗುತ್ತೆ, ಇನ್ನೊಬ್ಬರಿಗೆ ಸ್ನೇಹಿತರ ಫೋನ್ ಎತ್ತೋಕೆ ಬೇಜಾರಾಗುತ್ತೆ, ಮತ್ತೊಬ್ಬರು ಊಟ ಕಂಪ್ಯೂಟರ್ ಮುಂದೆನೇ ಮುಗಿಸೋಕೆ ಶುರು ಮಾಡಿರ್ತಾರೆ. ನಿಮ್ಮದು ಯಾವ್ದು ಅಂತ ಬರೆದು ಮನೇಲಿ ಒಬ್ಬರಿಗೆ ಕೊಡಿ, ಇದು ಕಂಡ್ರೆ ನಂಗೆ ಹೇಳು ಅಂತ. ಅವ್ರು ಹೇಳಿದಾಗ "ಇಲ್ಲಪ್ಪ, ಈ ತಿಂಗಳು ಸ್ವಲ್ಪ ಜಾಸ್ತಿ ಕೆಲ್ಸ ಅಷ್ಟೇ" ಅಂತ ಖಂಡಿತ ಹೇಳ್ತೀರಿ, ಅದಕ್ಕೇ ಆ ಚೀಟಿ ಕೊನೇಲಿ ಈ ಮಾತನ್ನೂ ಬರ್ದಿಡಿ, ಹೀಗಂದ್ರೆ ಬಿಡ್ಬೇಡ, ಆರು ಸಾಲಿನ ಹಾಳೆ ತೆಗೆಸಿ ಬರೆಸು ಅಂತ.